ಶನಿವಾರ ರಾತ್ರಿ ಎರಡು ನೈಂಟಿ, ಭಾನುವಾರ ಬೆಳಿಗ್ಗೆ ಪರಮಪ್ರಸಾದ: ಒಂದು ಪ್ರಕರಣ ಅಧ್ಯಯನ

ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಕಥೋಲಿಕ ಮನೆ. ಪಾಸ್ಖ ಹಬ್ಬ (ಈಸ್ಟರ್) ಕಳೆದ ಮೇಲಿನ ಒಂದು ಭಾನುವಾರ, ಒಂಬತ್ತು ವರ್ಷದ ಮಗಳಿಗೆ ಪ್ರಥಮ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ದಿನ. ಹೆಸರು, ಊರು ಬಿಟ್ಟಿದೆ. ಇಂಥ ಹಲವು ಮನೆಗಳಲ್ಲಿ ಏಳುವ ಪ್ರಶ್ನೆಗಳನ್ನು ಒಂದೇ ಬೆಳಗಿನೊಳಗೆ ಕೂಡಿಸಿ ಬರೆದದ್ದು ಇದು.

ತಂದೆಗೆ 41 ವರ್ಷ, ತೂಕ 65 ಕೆ.ಜಿ., ಎರಡು ಎಕರೆ ಬೆಂಗಳೂರು ನೀಲಿ ದ್ರಾಕ್ಷಿ ತೋಟ. ಕುಡಿಯುವುದು ಮದುವೆ, ಗೃಹಪ್ರವೇಶ, ಊರಹಬ್ಬಕ್ಕೆ ಮಾತ್ರ. ತಾಯಿ ಕೋಲಾರದ ಮೆಥೋಡಿಸ್ಟ್ (ಪ್ರೊಟೆಸ್ಟಂಟರ ಒಂದು ಪಂಗಡ) ಮನೆಯ ಮಗಳು, ಮದುವೆಯ ಹೊತ್ತಿಗೆ ಕಥೋಲಿಕ ಧರ್ಮಸಭೆಗೆ ಸೇರಿದವರು. ಅಜ್ಜಿಗೆ 78, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಇನ್ಸುಲಿನ್. ಇನ್ನೊಬ್ಬರು ತಂದೆಯ ಅಕ್ಕನ ಗಂಡ, ಅಂದರೆ ಭಾವ.

ಶನಿವಾರ ಸಂಜೆ 4:30ಕ್ಕೆ ಚರ್ಚಿನಲ್ಲಿ ಮಕ್ಕಳಿಗೂ ಹೆತ್ತವರಿಗೂ ಪಾಪನಿವೇದನೆ (ಗುರುಗಳ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು) ಆಯಿತು. ತಂದೆಯೂ ಮಾಡಿಕೊಂಡರು. ಅಲ್ಲಿಂದ ಎಲ್ಲರೂ ನೇರ ಹೋದದ್ದು 11 ಕಿ.ಮೀ. ದೂರದಲ್ಲಿದ್ದ ಭಾವನ ಹೊಸ ಮನೆಯ ಊಟಕ್ಕೆ. ತಾಯಿ, ಅಜ್ಜಿ ಎಂಟಕ್ಕೆಲ್ಲ ಆಟೋ ಹಿಡಿದು ವಾಪಸಾದರು, ನಾಳಿನ ಅಡುಗೆಗೆ ಅಕ್ಕಿ ಆರಿಸುವುದಿತ್ತು. ಮಗಳು ಆಟದಲ್ಲಿದ್ದಳು, ಅಪ್ಪನ ಜೊತೆ ಬರ್ತೀನಿ ಅಂದಳು. ಅಪ್ಪ ಒಂಬತ್ತರಿಂದ ಹನ್ನೊಂದೂವರೆಯೊಳಗೆ ಮುದ್ದೆ, ಕೋಳಿಸಾರಿನ ಜೊತೆ ಎರಡು ನೈಂಟಿ ಪ್ಯಾಕೆಟ್ ವಿಸ್ಕಿ ಮುಗಿಸಿದರು. ಹನ್ನೊಂದೂ ಮುಕ್ಕಾಲಿಗೆ ಮಗಳನ್ನು ಹಿಂದೆ ಕೂರಿಸಿಕೊಂಡು ಬೈಕು ಹೊರಟಿತು. ಹೆಲ್ಮೆಟ್ ಹ್ಯಾಂಡಲಿಗೆ ನೇತಾಡುತ್ತಿತ್ತು. ಅರ್ಧ ದಾರಿ ಹೈದರಾಬಾದ್ ಹೈವೇ. ಮನೆ ಗೇಟಿನವರೆಗೆ ಏನೂ ಆಗಲಿಲ್ಲ. ಗೇಟಿನಲ್ಲಿ ಕಾಲೂರುವಾಗ ಆಯ ತಪ್ಪಿ ಬೈಕು ಎಡಕ್ಕೆ ಒರಗಿತು, ಇಳಿಯಲು ಹೋದ ಮಗಳ ಮೀನಖಂಡಕ್ಕೆ ಸೈಲೆನ್ಸರ್ ತಾಗಿತು. ರೂಪಾಯಿ ನಾಣ್ಯದಗಲ ಗುಳ್ಳೆ. ಅಜ್ಜಿ ಟೂತ್‌ಪೇಸ್ಟ್ ಮೆತ್ತಿದರು. ಮೆತ್ತಬಾರದಿತ್ತು, ಇಪ್ಪತ್ತು ನಿಮಿಷ ನಲ್ಲಿ ನೀರು ಬಿಟ್ಟಿದ್ದರೆ ಉರಿಯೂ ಇಳಿಯುತ್ತಿತ್ತು, ಗಾಯವೂ ಆಳಕ್ಕೆ ಹೋಗುತ್ತಿರಲಿಲ್ಲ.

ಬೆಳಿಗ್ಗೆ ಆರಕ್ಕೆ ತಂದೆ ತಲೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತರು. ಬಾಯಿ ಇನ್ನೂ ವಾಸನೆ ಹೊಡೆಯುತ್ತಿತ್ತು. ಎಂಟಕ್ಕೆ ಚರ್ಚಿನ ಪೂಜೆ (ಬಲಿಪೂಜೆ, ಮಾಸ್). ಹೆತ್ತವರು ಮಗುವಿನ ಎಡಬಲ ನಿಂತು ಜೊತೆಯಲ್ಲೇ ಪ್ರಸಾದ ಪಡೆಯುವುದು ಆ ಧರ್ಮಕೇಂದ್ರದ ರೂಢಿ, ಫೋಟೋದವನಿಗೂ ಹಾಗೇ ಹೇಳಿಟ್ಟಿದ್ದರು. ತಗೊಳ್ಳಬಹುದೋ ಇಲ್ಲವೋ?

ಅಜ್ಜಿ: "ನಮ್ಮಮ್ಮ ರಾತ್ರಿ ಹನ್ನೆರಡು ಹೊಡೆದ ಮೇಲೆ ನೀರೂ ಮುಟ್ತಿರ್ಲಿಲ್ಲ ಕಣಪ್ಪ. ಕುಡಿದಿದ್ರೆ ಮೂರು ಗಂಟೆ ಅಂತ ಆಮೇಲೆ ಮಾಡಿದ್ರು."

ಭಾವ, ಫೋನಿನಲ್ಲಿ: "ಒಂದು ಗಂಟೆ ಸಾಕು ಕಣಯ್ಯ. ನೀನು ಒಂಬತ್ತು ಗಂಟೆ ಖಾಲಿ ಹೊಟ್ಟೇಲಿರ್ತೀಯ, ಇನ್ನೇನು?"

ಹೆಂಡತಿ, ಒಲೆಯ ಕಡೆಗೇ ಮುಖ ಮಾಡಿಕೊಂಡು: "ಕುಡಿದಿದ್ದೇ ಪಾಪ ಕಣ್ರೀ. ಅದಕ್ಕೆ ಗಂಟೆ ಲೆಕ್ಕ ಬೇರೆ ಹಾಕ್ತೀರಲ್ಲ."

ಮೂವರ ಮಾತಿನಲ್ಲೂ ಒಂದೊಂದು ನಿಜವಿದೆ. ಆದರೆ ಮೂವರೂ ತೂಗುತ್ತಿರುವುದು ಬೇರೆ ಬೇರೆ ವಸ್ತುವನ್ನು. ಮಗಳ ಕಾಲಿನ ಗುಳ್ಳೆಯನ್ನು ಮಾತ್ರ ಯಾರೂ ತಕ್ಕಡಿಗೆ ಹಾಕಲಿಲ್ಲ.

ಗಂಟೆಯ ಲೆಕ್ಕ

ಇದು ಇಡೀ ಪ್ರಕರಣದ ಅತಿ ಸುಲಭದ ಭಾಗ. ಜನ ಹೆಚ್ಚು ಹೊತ್ತು ಜಗಳವಾಡುವುದೂ ಇದರ ಮೇಲೆಯೇ.

ಅಜ್ಜಿ ಹೇಳಿದ ಮಧ್ಯರಾತ್ರಿಯ ನಿಯಮ ಅವರ ಕಲ್ಪನೆಯಲ್ಲ. ಶತಮಾನಗಳ ಕಾಲ ಅದೇ ನಡೆಯಿತು. 1953ರ ಜನವರಿಯಲ್ಲಿ ಹನ್ನೆರಡನೇ ಪಿಯುಸ್ ಜಗದ್ಗುರುಗಳು (ಪೋಪ್) ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಎಂದರು. 1957ರ ಮಾರ್ಚ್‌ನಲ್ಲಿ ಅವರೇ ಮಧ್ಯರಾತ್ರಿಯ ಗಡಿ ತೆಗೆದು, ಘನ ಆಹಾರಕ್ಕೂ ಮದ್ಯಕ್ಕೂ ಮೂರು ಗಂಟೆ, ಮದ್ಯವಲ್ಲದ ಪಾನೀಯಕ್ಕೆ ಒಂದು ಗಂಟೆ ಎಂದು ಇಟ್ಟರು. ಅಜ್ಜಿಯ "ಕುಡಿದಿದ್ರೆ ಮೂರು ಗಂಟೆ" ಬಂದದ್ದು ಇಲ್ಲಿಂದ. ಅದು ಬಾಳಿದ್ದು ಏಳೇ ವರ್ಷ. 1964ರ ನವೆಂಬರ್ 21ರಂದು, ಎರಡನೇ ವ್ಯಾಟಿಕನ್ ಮಹಾಸಭೆಯ ಮೂರನೇ ಅಧಿವೇಶನ ಮುಗಿದ ದಿನ, ಆರನೇ ಪೌಲ್ ಜಗದ್ಗುರುಗಳು ಎಲ್ಲಕ್ಕೂ ಒಂದೇ ಗಂಟೆ ಮಾಡಿದರು. ಆ ಪ್ರಕಟಣೆಯಲ್ಲಿ ಮದ್ಯದ ಮಾತು ಬೇರೆಯಾಗಿಯೇ ಇತ್ತು: ಈ ಸಡಿಲಿಕೆ ಮದ್ಯಕ್ಕೂ ಸಲ್ಲುತ್ತದೆ, ಆದರೆ ತಕ್ಕ ಮಿತಿ ಇರಲಿ. ಭಾವನ ಬಾಯಲ್ಲಿ ಒಂದು ಗಂಟೆ ಉಳಿಯಿತು, ಮಿತಿ ಬಿದ್ದುಹೋಯಿತು.

ಈಗ ಜಾರಿಯಲ್ಲಿರುವುದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ಕ್ಯಾನನ್, ಅಂದರೆ ಕಲಮು. ಪರಮಪ್ರಸಾದಕ್ಕೆ ಮೊದಲು ಕನಿಷ್ಠ ಒಂದು ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನೀರು ಮತ್ತು ಔಷಧಕ್ಕೆ ಮಾತ್ರ ವಿನಾಯಿತಿ. ಎಣಿಸಬೇಕಾದ್ದು ಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಪ್ರಸಾದ ನಾಲಿಗೆಗೆ ಬರುವ ಹೊತ್ತಿನಿಂದ ಹಿಂದಕ್ಕೆ. ಆ ದಿನ ಹದಿನಾಲ್ಕು ಮಕ್ಕಳು, ಮೇಣದ ಬತ್ತಿ, ದೀಕ್ಷಾಸ್ನಾನದ ಪ್ರತಿಜ್ಞೆಯ ನವೀಕರಣ ಎಲ್ಲ ಸೇರಿ, ಎಂಟರ ಪೂಜೆಯಲ್ಲಿ ಪ್ರಸಾದದ ಹೊತ್ತು 8:50. ಹಾಗಾಗಿ 7:50ರವರೆಗೆ ತಿಂದದ್ದು ಲೆಕ್ಕಕ್ಕಿಲ್ಲ.

ಅಂದರೆ ಮಗಳಿಗೆ ಏಳೂಕಾಲಿಗೆ ಎರಡು ಇಡ್ಲಿ, ಅರ್ಧ ಲೋಟ ರಾಗಿ ಮಾಲ್ಟ್ ಧಾರಾಳವಾಗಿ ಕೊಡಬಹುದಿತ್ತು. ಕೊಡಲಿಲ್ಲ. "ಇವತ್ತು ಉಪವಾಸ" ಎಂದು ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿಟ್ಟರು. ಪ್ರಥಮ ಪರಮಪ್ರಸಾದದ ದಿನ ಬಿಳಿ ಫ್ರಾಕು, ತಲೆಗೆ ಬಿಗಿದ ಹೂಕಿರೀಟ, ಏಪ್ರಿಲ್–ಮೇ ಬಿಸಿಲು, ಖಾಲಿ ಹೊಟ್ಟೆ ಎಲ್ಲ ಸೇರಿ ಒಂದಾದರೂ ಮಗು ತಲೆಸುತ್ತಿ ಕೂರುವುದು ಅಪರೂಪವಲ್ಲ. ನಿಯಮ ಕೇಳದ ಉಪವಾಸವನ್ನು ಮಗುವಿನ ಮೇಲೆ ಹೇರಿ, ನಿಯಮ ಕೇಳುವುದನ್ನು ದೊಡ್ಡವರು ಮರೆಯುವುದು ನಮ್ಮಲ್ಲಿ ಮಾಮೂಲು.

ಅಜ್ಜಿಯ ಕಥೆ ಇನ್ನೂ ವಿಚಿತ್ರ. 919ನೇ ಕ್ಯಾನನ್ನಿನ ಮೂರನೇ ಭಾಗದ ಪ್ರಕಾರ ವಯಸ್ಸಾದವರು, ಕಾಯಿಲೆಯವರು, ಅವರನ್ನು ನೋಡಿಕೊಳ್ಳುವವರು ಒಂದು ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪ್ರಸಾದ ಪಡೆಯಬಹುದು. ಅಜ್ಜಿ ಇನ್ಸುಲಿನ್ ಚುಚ್ಚಿಸಿಕೊಂಡು, ಮಧ್ಯರಾತ್ರಿಯ ನಿಯಮ ಹಿಡಿದು ಏನೂ ತಿನ್ನದೆ ಹೊರಟಿದ್ದರು. ಸಕ್ಕರೆ ಇಳಿದು ಬೆವರಿ ಬೀಳಲು ಇಷ್ಟು ಸಾಕು. ಆ ಮನೆಯಲ್ಲಿ ಅಂದು ಉಪವಾಸ ಮಾಡಲೇಬಾರದಿದ್ದ ಒಬ್ಬರೇ ಒಬ್ಬರು ಕಟ್ಟುನಿಟ್ಟಾಗಿ ಉಪವಾಸ ಮಾಡಿದರು.

ಇನ್ನು ಚರ್ಚಿನ ಅಂಗಳದಲ್ಲಿ ಆದದ್ದು. ಎಂಟು ಹತ್ತಕ್ಕೆ, ಮೊದಲ ವಾಚನ ನಡೆಯುವಾಗ, ಭಾವ ವಾಸನೆ ಮುಚ್ಚಲು ಒಂದು ಹಿಡಿ ಸೋಂಪು, ಎರಡು ಏಲಕ್ಕಿ ಅಗಿಯುತ್ತ ನಿಂತಿದ್ದರು. ರಾತ್ರಿ ಕುಡಿದ ವಿಸ್ಕಿ ಪರಮಪ್ರಸಾದದ ಉಪವಾಸವನ್ನು ಮುರಿದಿರಲಿಲ್ಲ; ಅದರ ವಾಸನೆ ಮುಚ್ಚಲು ತಿಂದ ಸೋಂಪು ಮುರಿಯಿತು. ಎಲೆಯಡಿಕೆ, ಪೆಪ್ಪರ್‌ಮಿಂಟು, ಎಳನೀರು, ಮಜ್ಜಿಗೆ ಎಲ್ಲಕ್ಕೂ ಇದೇ ಮಾತು. ಹಲ್ಲುಜ್ಜುವುದು, ಬಾಯಿ ಮುಕ್ಕಳಿಸಿ ಉಗಿಯುವುದು ಉಪವಾಸಕ್ಕೆ ತಾಗದು. ತಲೆನೋವಿನ ಮಾತ್ರೆ ನೀರಿನ ಜೊತೆ ನುಂಗಬಹುದು. ಮದ್ಯಾಂಶವಿರುವ ಕೆಮ್ಮಿನ ಸಿರಪ್ಪೂ ಔಷಧವೇ.

ಕುಡಿತವೇ ಪಾಪವೋ

ಹೆಂಡತಿಯ ಮಾತಿಗೆ ಅವರು ಬೆಳೆದ ಮನೆ ಕಾರಣ. ಕೋಲಾರದಲ್ಲಿ ಇ.ಟಿ.ಸಿ.ಎಂ. ಆಸ್ಪತ್ರೆ ಕಟ್ಟಿದ ಮೆಥೋಡಿಸ್ಟ್ ಮಿಷನ್‌ನ ಪರಂಪರೆಯಲ್ಲಿ ಮದ್ಯದಿಂದ ಪೂರ್ತಿ ದೂರ ಇರುವುದು ಹಳೆಯ ಶಿಸ್ತು. ಅಮೆರಿಕದ ಮೆಥೋಡಿಸ್ಟ್ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ದ್ರಾಕ್ಷಿರಸವನ್ನು ಹುಳಿಯದಂತೆ ಕಾಯಿಸಿಡುವ ವಿಧಾನ ಕಂಡುಹಿಡಿದದ್ದೇ ಅವರ ಪರಮಪ್ರಸಾದವಾದ ಪ್ರಭುಭೋಜನದಲ್ಲಿ ವೈನ್ ಬೇಡವೆಂಬ ಕಾರಣಕ್ಕೆ.

ಕಥೋಲಿಕ ನಿಲುವು ಬೇರೆ. ವೈನ್ ಇಲ್ಲದೆ ಬಲಿಪೂಜೆಯೇ ಇಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸು ಆರು ಕಲ್ಬಾನೆ ನೀರನ್ನು ವೈನ್ ಮಾಡಿದರು. ದ್ರಾಕ್ಷಾರಸ ಮನುಷ್ಯನ ಎದೆಗೆ ಹರ್ಷ ತರುತ್ತದೆ ಎಂದು 104ನೇ ಕೀರ್ತನೆ ಹಾಡುತ್ತದೆ. ಹೊಟ್ಟೆಯ ತೊಂದರೆಗೆ ಸ್ವಲ್ಪ ವೈನ್ ಕುಡಿ ಎಂದು ಸಂತ ಪೌಲರು ತಿಮೊಥೇಯನಿಗೆ ಬರೆದ ಪತ್ರದಲ್ಲೇ ಇದೆ. ಪಾಪ ಎನಿಸುವುದು ಮದ್ಯವಲ್ಲ, ಮಿತಿಮೀರುವುದು. ಅದೇ ಪೌಲರು ಕುಡುಕರು ದೇವರ ರಾಜ್ಯಕ್ಕೆ ಬಾಧ್ಯರಲ್ಲ ಎಂದು ಕೊರಿಂಥದವರಿಗೆ ಬರೆದರು. ಪ್ರಭುಭೋಜನಕ್ಕೆ ಕೂಡಿದಾಗಲೇ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಎಂದು ಗದರಿಸಿದ್ದೂ ಅದೇ ಪತ್ರದ 11ನೇ ಅಧ್ಯಾಯದಲ್ಲಿ. ಅದಾಗಿ ಕೆಲವೇ ಸಾಲುಗಳಿಗೆ, ಯೋಗ್ಯತೆಯಿಲ್ಲದೆ ಈ ರೊಟ್ಟಿಯನ್ನು ತಿನ್ನುವವನು ಪ್ರಭುವಿನ ಶರೀರಕ್ಕೆ ಅಪರಾಧಿ, ಆದ್ದರಿಂದ ಪ್ರತಿಯೊಬ್ಬನೂ ತನ್ನನ್ನು ಪರೀಕ್ಷಿಸಿಕೊಳ್ಳಲಿ ಎಂಬ ಎಚ್ಚರಿಕೆ ಬರುತ್ತದೆ. ಕುಡಿತಕ್ಕೂ ಪ್ರಸಾದದ ಸಿದ್ಧತೆಗೂ ಇರುವ ನಂಟು ಇವತ್ತಿನದಲ್ಲ.

ಮಿತಿ ಎಲ್ಲಿ ಮೀರುತ್ತದೆ? ಸಂತ ಥಾಮಸ್ ಅಕ್ವಿನಾಸ್ ಮೂರು ಬಗೆ ಹೇಳುತ್ತಾರೆ. ಪಾನೀಯದ ಕಸುವು ಗೊತ್ತಿಲ್ಲದೆ ಕುಡಿದು ಮತ್ತೇರಿದರೆ ಪಾಪವಿಲ್ಲ. ಹೆಚ್ಚಾಯಿತೆಂದು ಗೊತ್ತಿದ್ದೂ ಮತ್ತೇರುವಷ್ಟಲ್ಲ ಎಂದುಕೊಂಡಿದ್ದರೆ ಲಘು ಪಾಪ. ಮತ್ತೇರುತ್ತದೆಂದು ಚೆನ್ನಾಗಿ ಗೊತ್ತಿದ್ದೂ ಬುದ್ಧಿಯನ್ನು ಬೇಕೆಂದೇ ಬಿಟ್ಟುಕೊಟ್ಟರೆ ಮಾರಕ ಪಾಪ. ನಮ್ಮ ತಂದೆ "ನಾನು ತೂರಾಡಲಿಲ್ಲ, ಎಲ್ಲ ನೆನಪಿದೆ" ಎಂದರು. ನಂಬೋಣ. ಎರಡನೇ ಬಗೆ ಎನ್ನೋಣ. ಕುಡಿತದ ಮಟ್ಟಿಗೆ ಇಷ್ಟೇ ಆಗಿದ್ದರೆ, ಪೂಜೆಯ ಆರಂಭದಲ್ಲೇ ಎಲ್ಲರೂ ಮಾಡುವ ಪಶ್ಚಾತ್ತಾಪದ ಪ್ರಾರ್ಥನೆ ಮನಸ್ಸಿಟ್ಟು ಮಾಡಿ ಪ್ರಸಾದಕ್ಕೆ ಹೋಗಬಹುದಿತ್ತು. ಬಾಯಿವಾಸನೆ, ತಲೆನೋವು ಪಾಪದ ಅಳತೆಗೋಲುಗಳಲ್ಲ.

ರಸ್ತೆಯ ಲೆಕ್ಕ

ಆದರೆ ಅಷ್ಟೇ ಆಗಿರಲಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2290ನೇ ಪರಿಚ್ಛೇದ ಆಹಾರ, ಮದ್ಯ, ತಂಬಾಕು, ಔಷಧಗಳ ಅತಿರೇಕ ಬಿಡಿ ಎಂದು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಕುಡಿದೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ, ಸಮುದ್ರದಲ್ಲಿ, ಆಕಾಶದಲ್ಲಿ ತನ್ನ ಮತ್ತು ಇತರರ ಪ್ರಾಣಕ್ಕೆ ಅಪಾಯ ತರುವವರು ಘೋರ ದೋಷಕ್ಕೆ ಗುರಿಯಾಗುತ್ತಾರೆ ಎನ್ನುತ್ತದೆ. ಸಾಮಾನ್ಯವಾಗಿ ತತ್ತ್ವದ ಮಟ್ಟದಲ್ಲೇ ಮಾತಾಡುವ ಗ್ರಂಥ ಇಲ್ಲಿ ರಸ್ತೆಗಿಳಿದು ಮಾತಾಡುತ್ತದೆ.

ಎರಡು ನೈಂಟಿ ಎಂದರೆ 180 ಮಿ.ಲೀ. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಮದ್ಯಾಂಶ ಶೇ. 42.8. ಅಲ್ಲಿಗೆ ಶುದ್ಧ ಮದ್ಯ 77 ಮಿ.ಲೀ., ತೂಕದಲ್ಲಿ ಸುಮಾರು 61 ಗ್ರಾಂ. 65 ಕೆ.ಜಿ. ಗಂಡಸಿನ ಮೈಯಲ್ಲಿ ಇದು ಹರಡಿದರೆ 100 ಮಿ.ಲೀ. ರಕ್ತಕ್ಕೆ ಹೆಚ್ಚುಕಮ್ಮಿ 137 ಮಿ.ಗ್ರಾಂ. ಯಕೃತ್ತು ಗಂಟೆಗೆ ಸುಮಾರು 15 ಮಿ.ಗ್ರಾಂ. ಇಳಿಸುತ್ತದೆ. ಹನ್ನೊಂದೂ ಮುಕ್ಕಾಲಿಗೆ ಬೈಕು ಒದ್ದಾಗ ಉಳಿದದ್ದು 95ರ ಆಸುಪಾಸು. ಮೋಟಾರು ವಾಹನ ಕಾಯ್ದೆಯ 185ನೇ ವಿಧಿ ಬಿಡುವುದು 30. ಮೂರು ಪಟ್ಟು. ಸಿಕ್ಕಿಬಿದ್ದಿದ್ದರೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಊಟ, ಮೈಕಟ್ಟು ನೋಡಿಕೊಂಡು ಅಂಕಿ ಹತ್ತಿಪ್ಪತ್ತು ಆಚೀಚೆ ಆದೀತು, 30ಕ್ಕಂತೂ ಇಳಿಯದು.

ಇದೇ ಲೆಕ್ಕದಲ್ಲಿ ಬೆಳಗಿನ ಆರರ ಹೊತ್ತಿಗೆ ರಕ್ತದಲ್ಲಿ ಮದ್ಯ ಹೆಚ್ಚುಕಮ್ಮಿ ಸೊನ್ನೆ. ಎಂಟು ಗಂಟೆಗೆ ತಂದೆ ಪೂರ್ತಿ ಎಚ್ಚರದಲ್ಲಿದ್ದರು. ಉಪವಾಸ ಸರಿ, ಮೈ ಸರಿ. ಉಳಿದದ್ದು ರಾತ್ರಿಯ ಆ ಹನ್ನೊಂದು ಕಿಲೋಮೀಟರು.

ಮಾರಕ ಪಾಪಕ್ಕೆ ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಪೂರ್ಣ ತಿಳಿವಿರಬೇಕು, ಮನಸಾರೆ ಒಪ್ಪಿ ಮಾಡಿರಬೇಕು. ವಿಷಯ ಗಂಭೀರ ಎಂಬುದರಲ್ಲಿ ಅನುಮಾನವಿಲ್ಲ. ಉಳಿದೆರಡು ಅವರ ಒಳಗಿನ ಮಾತು. ಹೊರಗಿನಿಂದ ಯಾರೂ, ಹೆಂಡತಿಯೂ, ಮಕ್ಕಳಿಗೆ ಧರ್ಮಪಾಠ ಹೇಳುವ ಉಪದೇಶಿಯೂ, ಈ ಬರಹವೂ ತೀರ್ಪು ಕೊಡಲಾಗದು. ಆದರೆ "ಮಲಗಿಬಿಡಿ, ಬೆಳಿಗ್ಗೆ ಹೋಗಿ" ಎಂದು ಅಕ್ಕ ಅಂದದ್ದು, ಅದನ್ನು ಕೇಳಿಸಿಕೊಂಡೇ ಇವರು ಕೀಲಿ ತಗೊಂಡದ್ದು ಅವರಿಗೇ ನೆನಪಿತ್ತು. ತನ್ನಲ್ಲಿ ಗಂಭೀರ ಪಾಪವಿದೆ ಎಂದು ತಿಳಿದವನು ಮೊದಲು ಪಾಪನಿವೇದನೆ ಮಾಡದೆ ಪ್ರಸಾದ ಸ್ವೀಕರಿಸಬಾರದು ಎನ್ನುತ್ತದೆ ಕ್ಯಾನನ್ 916. ತಗೊಳ್ಳಲೇಬೇಕಾದ ಗಂಭೀರ ಕಾರಣವಿದ್ದು, ನಿವೇದನೆಗೆ ಅವಕಾಶವೂ ಇಲ್ಲದಿದ್ದರೆ ಮಾತ್ರ, ಪರಿಪೂರ್ಣ ಪಶ್ಚಾತ್ತಾಪ (ಶಿಕ್ಷೆಯ ಅಂಜಿಕೆಯಿಂದಲ್ಲ, ದೇವರ ಮೇಲಿನ ಪ್ರೀತಿಯಿಂದ ಹುಟ್ಟುವುದು) ಪಟ್ಟು, ಆದಷ್ಟು ಬೇಗ ನಿವೇದನೆ ಮಾಡುವ ಸಂಕಲ್ಪದೊಂದಿಗೆ ಹೋಗಬಹುದು. ಫೋಟೋ ಗಂಭೀರ ಕಾರಣವಲ್ಲ.

"ನಿನ್ನೆ ಸಂಜೆ ತಾನೆ ಮಾಡಿದೆನಲ್ಲ?" ಎಂಬುದು ತಂದೆಯ ಮೊದಲ ಪ್ರಶ್ನೆ. ಶನಿವಾರದ ಪಾಪನಿವೇದನೆ ವಾರದ ಬಸ್ ಪಾಸಲ್ಲ. ಅದು ಆ ಗಳಿಗೆಯವರೆಗಿನದನ್ನು ತೊಳೆಯುತ್ತದೆ. ಹಾಗೆಂದು ಅದು ರದ್ದಾಗುವುದೂ ಇಲ್ಲ. 4:30ಕ್ಕೆ ಹೇಳಿಕೊಂಡದ್ದನ್ನು ಮತ್ತೆ ಹೇಳಬೇಕಿಲ್ಲ, ಆಮೇಲಿನದನ್ನು ಹೇಳಿದರೆ ಸಾಕು.

ಚರ್ಚಿನಲ್ಲಿ ನಡೆದದ್ದು

ತಂದೆ 6:40ಕ್ಕೆ ಉಪದೇಶಿಗೆ ಫೋನು ಮಾಡಿದರು. ಉಪದೇಶಿ ಗಂಟೆಯ ಮಾತೇ ಎತ್ತಲಿಲ್ಲ. ಕೇಳಿದ್ದು ಒಂದೇ: "ಮಗೂನ ಹೆಂಗೆ ಕರ್ಕೊಂಡು ಬಂದ್ರಿ?" ಆಮೇಲೆ, "ಏಳೂಕಾಲಿಗೆ ಬನ್ನಿ, ಫಾದರ್ ಪೂಜಾವಸ್ತ್ರದ ಕೋಣೆ ಪಕ್ಕ ಕೂತಿರ್ತಾರೆ."

ಬಂದರು. ಆದರೆ ಸಾಲಿನಲ್ಲಿ ಇವರ ಮುಂದೆ ಆರು ಜನ, ಇರುವುದು ಒಬ್ಬರೇ ಗುರುಗಳು. 7:45ಕ್ಕೆ ಗುರುಗಳು ಏಳಬೇಕಾಯಿತು. ಇವರ ಮುಂದೆ ಇನ್ನೂ ಇಬ್ಬರಿದ್ದರು. ಇಲ್ಲಿ ತಪ್ಪು ತಂದೆಯದ್ದಲ್ಲ, ಏರ್ಪಾಡಿನದ್ದು. ಪ್ರಥಮ ಪರಮಪ್ರಸಾದದ ಬೆಳಿಗ್ಗೆ ನಿವೇದನೆಗೆ ನೂಕುನುಗ್ಗಲಾಗುವುದು ಪ್ರತಿ ವರ್ಷ ಗೊತ್ತಿರುವ ಸಂಗತಿ. ಅಕ್ಕಪಕ್ಕದ ಧರ್ಮಕೇಂದ್ರದಿಂದ ಇನ್ನೊಬ್ಬ ಗುರುಗಳನ್ನು ಆರೂವರೆಗೇ ಕರೆಸಿದ್ದರೆ ಮುಗಿಯುತ್ತಿತ್ತು.

ಪೂಜೆ ಶುರುವಾಯಿತು. ತಂದೆಯ ಮುಂದೆ ಇದ್ದದ್ದು ಎರಡು ದಾರಿ. ಪರಿಪೂರ್ಣ ಪಶ್ಚಾತ್ತಾಪದ ವಿನಾಯಿತಿ ಹಿಡಿದು ಹೋಗುವುದು ಒಂದು. ಆದರೆ ನಿವೇದನೆಗೆ ಅವಕಾಶ ಪ್ರಸಾದದ ಹೊತ್ತಿನಿಂದ ಒಂದು ಗಂಟೆ ಹತ್ತು ನಿಮಿಷ ಆಚೆಗೇ ಇತ್ತು, ಅಂದು ಪ್ರಸಾದ ಬಿಟ್ಟರೆ ಯಾವ ಕಟ್ಟಳೆಯೂ ಮುರಿಯುತ್ತಿರಲಿಲ್ಲ. ಭಾನುವಾರದ ಕಟ್ಟಳೆ ಪೂಜೆಯಲ್ಲಿ ಪಾಲ್ಗೊಳ್ಳುವುದು, ಪ್ರಸಾದ ಪಡೆಯುವುದಲ್ಲ. ಪ್ರಸಾದದ ಕಟ್ಟಳೆ ವರ್ಷಕ್ಕೊಮ್ಮೆ, ಪಾಸ್ಖ ಕಾಲದಲ್ಲಿ. ಎರಡನೆಯ ದಾರಿ ಬೆಂಚಿನಲ್ಲೇ ಉಳಿಯುವುದು. ತಂದೆ ಉಳಿದರು. 8:50ಕ್ಕೆ ಮಗಳು ಅಮ್ಮನ ಕೈ ಹಿಡಿದು ಬಲಿಪೀಠದ ಕಡೆ ನಡೆದಳು. ಬಿಳಿ ಕಾಲುಚೀಲದ ಒಳಗಿನ ಹತ್ತಿ ಎಡಗಾಲಲ್ಲಿ ಉಬ್ಬಿ ಕಾಣುತ್ತಿತ್ತು. ಫೋಟೋದವನು ಎರಡು ಸಲ ಹಿಂದೆ ತಿರುಗಿ ತಂದೆಯನ್ನು ಕೈಬೀಸಿ ಕರೆದ. ತಂದೆ ತಲೆಯಾಡಿಸಿದರು.

ಹೀಗೆ ಬೆಂಚಿನಲ್ಲಿ ಕೂತವರನ್ನು ಯಾಕೆ ಎಂದು ಕೇಳಬಾರದು. ಉಪವಾಸ ಮುರಿದಿರಬಹುದು, ಬೇರೆ ಏನೋ ಇರಬಹುದು. ಎಲ್ಲರೂ ಸಾಲಾಗಿ ಏಳುವ ರೂಢಿ ಬೆಳೆದಷ್ಟೂ ಕೂರುವವನ ಕಷ್ಟ ಹೆಚ್ಚುತ್ತದೆ, ಕೊನೆಗೆ ಅವಮಾನಕ್ಕೆ ಅಂಜಿ ಎದ್ದು ಹೋಗುತ್ತಾನೆ.

ಭಾವನದು ತದ್ವಿರುದ್ಧ. ರಾತ್ರಿ ಮೂರು ನೈಂಟಿ. ಬೆಳಿಗ್ಗೆ ಆರೂವರೆಗೆ "ತಲೆ ಇಳಿಯಲಿ" ಎಂದು 650 ಮಿ.ಲೀ.ನ ಒಂದು ಸ್ಟ್ರಾಂಗ್ ಬಿಯರು. ಯಾರದೋ ಕಾರಿನಲ್ಲಿ ಬಂದರು. ಬಿಯರು ಕುಡಿದು ಪ್ರಸಾದದ ಹೊತ್ತಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಸೋಂಪಿನ ಮಾತು ಬಿಟ್ಟರೆ ಗಡಿಯಾರ ಅವರ ಪರವಾಗಿತ್ತು. 1957ರ ನಿಯಮವಾಗಿದ್ದರೆ ಅದೂ ಇರುತ್ತಿರಲಿಲ್ಲ. ರಾತ್ರಿಯ ಉಳಿಕೆ, ಬೆಳಗಿನ ಬಿಯರು ಸೇರಿ ಆ ಹೊತ್ತಿಗೆ ಅವರ ರಕ್ತದಲ್ಲಿದ್ದದ್ದು 100 ಮಿ.ಗ್ರಾಂ. ಆಜುಬಾಜು. ಹಿಂದಿನ ರಾತ್ರಿ ತಂದೆ ಬೈಕು ಹತ್ತಿದಾಗ ಇದ್ದಷ್ಟೇ. ಸಾಲಿನಲ್ಲಿ ಮುಂದಿನವರ ಹೆಗಲಿಗೆ ಕೈಯಿಟ್ಟು ನಿಂತಿದ್ದರು.

ಗುರುಗಳು ರೊಟ್ಟಿ ಕೊಡಲಿಲ್ಲ. ಏನೂ ಮಾತಾಡದೆ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಮುಂದಿನವರ ಕಡೆ ತಿರುಗಿದರು. ಭಾವ ಹೊರಗೆ ಬಂದು ಕೂಗಾಡಿದರು: "ಒಂದು ಗಂಟೆ ಅಂತ ಇವರೇ ಹೇಳೋದು, ಇವರೇ ಕೊಡಲ್ಲ ಅನ್ನೋದು!"

ಗುರುಗಳು ಮಾಡಿದ್ದು ಸರಿಯೇ? ಕ್ಯಾನನ್ 843ರ ಪ್ರಕಾರ, ತಕ್ಕ ಸಮಯದಲ್ಲಿ ಕೇಳುವ, ತಕ್ಕ ಸಿದ್ಧತೆಯಿರುವ, ಕಾನೂನಿನ ಅಡ್ಡಿಯಿಲ್ಲದ ಯಾರಿಗೂ ಸಂಸ್ಕಾರ ನಿರಾಕರಿಸುವಂತಿಲ್ಲ. ಬಾಯಿ ವಾಸನೆ ಬಂತೆಂದೋ, ಊರಲ್ಲಿ ಕುಡುಕನೆಂಬ ಹೆಸರಿದೆಯೆಂದೋ ನಿರಾಕರಿಸಿದ್ದರೆ ಅದು ತಪ್ಪು. ಬಹಿರಂಗ ಘೋರ ಪಾಪದಲ್ಲಿ ಹಟ ಹಿಡಿದವರ ಬಗೆಗಿನ ಕ್ಯಾನನ್ 915ಕ್ಕೂ ಇಲ್ಲಿ ಕೆಲಸವಿಲ್ಲ. ಆದರೆ ಆ ಗಳಿಗೆಯಲ್ಲಿ ಕಣ್ಣೆದುರು ಮತ್ತಿನಲ್ಲಿ ನಿಂತವನಿಗೆ ತಕ್ಕ ಸಿದ್ಧತೆ ಇದೆ ಎನ್ನಲಾಗದು. ರೊಟ್ಟಿ ಕೈಜಾರಿ ಬಿದ್ದೀತೆಂಬ ಭಯವೂ ಸಣ್ಣದಲ್ಲ. ಒಂದು ಗಂಟೆಯ ಉಪವಾಸ ಕನಿಷ್ಠ ಶರತ್ತು. ಅದನ್ನು ಟಿಕೆಟಿನ ಹಾಗೆ ತೋರಿಸಿ ಒಳಗೆ ಹೋಗುವಂತಿಲ್ಲ. ಮಾತಿಲ್ಲದೆ ಆಶೀರ್ವದಿಸಿ ಕಳಿಸಿದ್ದು, ಅಲ್ಲೇ ನಿಲ್ಲಿಸಿ ಉಪದೇಶ ಮಾಡದೆ ಇದ್ದದ್ದು ನಮ್ಮ ದೃಷ್ಟಿಯಲ್ಲಿ ಸರಿ. ಅದಕ್ಕಿಂತ ಮೊದಲೇ, ಅಂಗಳದಲ್ಲೇ, ಅವರನ್ನು ಬಲ್ಲ ಯಾರಾದರೂ "ಭಾವ, ಇವತ್ತು ಬೇಡ, ಇಲ್ಲೇ ಕೂತ್ಕೊಳ್ಳಿ" ಎಂದಿದ್ದರೆ ಇನ್ನೂ ಸರಿ.

ಅಜ್ಜಿಯ ಭರಣಿ

ಅರ್ಪಣೆಯ ಮೆರವಣಿಗೆಯಲ್ಲಿ ಅಜ್ಜಿ ಒಂದು ಬಾಟಲಿ ಮನೆಯ ವೈನ್ ತಂದಿದ್ದರು, "ಮೊಮ್ಮಗಳ ಪೂಜೆಗೆ ನಮ್ಮ ತೋಟದ್ದೇ ಆಗಲಿ" ಎಂದು. ಗುರುಗಳು ಎರಡೂ ಕೈಯಲ್ಲಿ ತಗೊಂಡು ಪಕ್ಕದ ಮೇಜಿನ ಮೇಲಿಟ್ಟರು. ಪಾನಪಾತ್ರೆಗೆ ಹೋದದ್ದು ಎಂದಿನ ಪೂಜಾವೈನೇ. ಅಜ್ಜಿಗೆ ಸ್ವಲ್ಪ ಬೇಸರವಾಯಿತು.

ಕಾರಣ ಪಾಕದಲ್ಲಿದೆ. ಅಜ್ಜಿ ಹಾಕುವುದು ಐದು ಕಿಲೋ ದ್ರಾಕ್ಷಿಗೆ ಮೂರು ಕಿಲೋ ಸಕ್ಕರೆ, ಒಂದು ಹಿಡಿ ಗೋಧಿ, ಏಳೆಂಟು ಲವಂಗ, ಎರಡು ತುಂಡು ಚಕ್ಕೆ, ಒಂದು ಚಮಚ ಈಸ್ಟ್. ಭರಣಿಯಲ್ಲಿ 21 ದಿನ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವಿ, ಬಟ್ಟೆಯಲ್ಲಿ ಸೋಸಿ ಇಡುತ್ತಾರೆ. ಕ್ರಿಸ್ಮಸ್‌ಗೆ ಸೊಗಸು. ಬಲಿಪೂಜೆಗೆ ಬೇಕಾದ್ದು ದ್ರಾಕ್ಷಿ ಹಣ್ಣಿನಿಂದಲೇ ಆದ, ಹೊರಗಿನದೇನೂ ಬೆರೆಸದ, ಕೆಟ್ಟಿರದ ಸಹಜ ವೈನ್. ಅದಕ್ಕೆ ಗುರುಗಳು ಪೂಜೆಯಲ್ಲಿ ಒಂದೆರಡು ಹನಿ ನೀರು ಸೇರಿಸುತ್ತಾರೆ, ಅಷ್ಟೇ. ಗೋಧಿ, ಲವಂಗ, ಸಕ್ಕರೆಯ ವೈನ್ ಅಲ್ಲಿ ಸಲ್ಲದು. ತೋಟ ಯಾರದೆಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ.

ಸಂಜೆ

ಪೂಜೆ ಮುಗಿದ ಮೇಲೆ, ಹತ್ತಕ್ಕೆ, ತಂದೆ ಗುರುಗಳ ಹತ್ತಿರ ಕೂತು ಬಂದರು. ಒಳಗೆ ಏನಾಯಿತೆಂಬುದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ. ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ.

ಮಧ್ಯಾಹ್ನ ಮನೆಯಲ್ಲಿ ಊಟ. ಅಜ್ಜಿ ವಾಪಸ್ ಬಂದ ಬಾಟಲಿ ಬಿಚ್ಚಿದರು. ಒಂದು ಗಂಟೆಗೆ ತಂದೆ ಅರ್ಧ ಲೋಟ ತಗೊಂಡರು. ಹೆಂಡತಿ ನೋಡಿದ ನೋಟಕ್ಕೆ ಪಂಕ್ತಿಯೇ ತಣ್ಣಗಾಯಿತು. ಆದರೆ ಆ ಅರ್ಧ ಲೋಟದಲ್ಲಿ ಕಥೋಲಿಕ ಲೆಕ್ಕಕ್ಕೆ ತಪ್ಪೇನಿಲ್ಲ. ಊಟದ ಜೊತೆ, ಮನೆಯಲ್ಲಿ, ಬೈಕು ಹತ್ತುವುದಿಲ್ಲವೆಂದು ಮೊದಲೇ ಹೇಳಿ ಕುಡಿದದ್ದು. ಇದನ್ನು ತಪ್ಪೆಂದು, ರಾತ್ರಿ ತೂರಾಡದೆ ಓಡಿಸಿದ ಬೈಕನ್ನು ಸರಿಯೆಂದು ತಿಳಿಯುವುದರಲ್ಲೇ ಈ ಮನೆಯ ಗೊಂದಲವೆಲ್ಲ ಇತ್ತು. ಅಂದು ಕುಡಿಯದಿದ್ದರೆ ಹೆಂಡತಿಯ ಮನಸ್ಸಿಗೆ ಸಮಾಧಾನವಾಗುತ್ತಿತ್ತು, ಅದು ಬೇರೆ ಮಾತು. ಅದೂ ಸಣ್ಣ ಮಾತಲ್ಲ.

ಸಂಜೆ ಆರಕ್ಕೆ ಪಟ್ಟಣದ ಚರ್ಚಿನಲ್ಲಿ ಪೂಜೆ. ತಂದೆ, ಮಗಳು ಬಸ್ಸಿನಲ್ಲಿ ಹೋದರು. ಬೆಳಿಗ್ಗೆ ಒಮ್ಮೆ ಪಡೆದ ಮಗಳು ಮತ್ತೆ ಪಡೆಯಬಹುದೇ? ಕ್ಯಾನನ್ 917 ಬಿಡುತ್ತದೆ: ಅದೇ ದಿನ ಎರಡನೇ ಸಲ, ಆದರೆ ತಾನು ಪಾಲ್ಗೊಳ್ಳುವ ಪೂಜೆಯೊಳಗೆ ಮಾತ್ರ, ಮೂರನೇ ಸಲ ಇಲ್ಲ. ಹೊರಡುವಾಗ ಅಜ್ಜಿ ಕೊಟ್ಟ ಚಕ್ಕುಲಿಯನ್ನು ಮಗಳು ಐದೂಕಾಲಿಗೆ ಬಸ್ಸಿನಲ್ಲೇ ಮುಗಿಸಿದಳು, ಆಮೇಲೆ ನೀರು ಮಾತ್ರ. 6:35ಕ್ಕೆ ಇಬ್ಬರೂ ಸಾಲಿನಲ್ಲಿ ಹಿಂದೆ ಮುಂದೆ ನಿಂತರು.

ಭಾವನ ವಿಷಯ ಹಾಗೆ ಮುಗಿಯಲಿಲ್ಲ. ಬೆಳಿಗ್ಗೆ ಎದ್ದೊಡನೆ ಕುಡಿದರೆ ಮಾತ್ರ ಕೈನಡುಕ ನಿಲ್ಲುವುದು, ಹಿಂದಿಗಿಂತ ಹೆಚ್ಚು ಕುಡಿದರೂ ಏರದಿರುವುದು: ಇವು ಮಿತಿಮೀರಿದ ಹಬ್ಬದ ಕುಡಿತದ ಗುರುತಲ್ಲ, ವ್ಯಸನದ ಗುರುತು. ಅಭ್ಯಾಸಬಲ ಹೊಣೆಯನ್ನು ಕಡಿಮೆ ಮಾಡಬಲ್ಲದು, ಇಲ್ಲವಾಗಿಸಲೂಬಹುದು ಎಂದು ಧರ್ಮೋಪದೇಶ ಗ್ರಂಥದ 1735ನೇ ಪರಿಚ್ಛೇದವೇ ಹೇಳುತ್ತದೆ. ಹಾಗಾಗಿ ಅವರ ಮೂರು ನೈಂಟಿಗೆ ತಂದೆಯ ಎರಡು ನೈಂಟಿಗಿಂತ ಕಡಿಮೆ ಪಾಪ ಇರಲೂಬಹುದು. ಅವರಿಗೆ ಬೇಕಾದ್ದು ಗದರಿಕೆಗಿಂತ ಚಿಕಿತ್ಸೆ.

ಇಲ್ಲಿ ಮನೆಯವರು ಸಾಮಾನ್ಯವಾಗಿ ಮಾಡುವ ತಪ್ಪು ಹರಕೆ ಹೊರಿಸುವುದು. ಕಾವಿ ತೊಟ್ಟು ವೇಲಾಂಕಣಿಗೆ ನಡೆಯುವವರಲ್ಲಿ ಅಷ್ಟು ದಿನ ಬಿಟ್ಟು, ಸೆಪ್ಟೆಂಬರ್ 8ರ ಹಬ್ಬ ಮುಗಿಸಿ ಬಂದ ದಿನವೇ ಮತ್ತೆ ಹಿಡಿದವರು ಇದ್ದಾರೆ. ಅದಕ್ಕಿಂತ ಅಪಾಯ ಬೇರೆ ಇದೆ: ದಿನವೂ ಹೆಚ್ಚು ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಜ್ವರ, ಭ್ರಮೆ, ನಡುಕ ಏರಿ ಪ್ರಾಣಕ್ಕೇ ಬರಬಹುದು. ವೈದ್ಯರ ನಿಗಾದಲ್ಲಿ, ಮಾತ್ರೆಯ ಆಸರೆಯಲ್ಲಿ ಬಿಡಿಸಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರು ಹತ್ತಿರ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ.

ಬಿಟ್ಟ ಮೇಲೆ ಪರಮಪ್ರಸಾದದ ಮಾತು ಬರುತ್ತದೆ. ವಿಶೇಷ ದಿನಗಳಲ್ಲಿ ಗುರುಗಳು ರೊಟ್ಟಿಯನ್ನು ವೈನಿನಲ್ಲಿ ಅದ್ದಿ ನಾಲಿಗೆಯ ಮೇಲಿಡುತ್ತಾರೆ. ಕ್ರಿಸ್ತರ ರಕ್ತವಾದ ಮೇಲೂ ವೈನಿನ ರುಚಿ, ವಾಸನೆ, ಮದ್ಯಾಂಶ ಹಾಗೇ ಇರುತ್ತವೆ. ಬಿಟ್ಟವನಿಗೆ ಒಂದು ಹನಿಯ ರುಚಿಯೂ ಹಳೆಯ ದಾರಿ ತೋರಿಸಬಹುದು. ರೊಟ್ಟಿಯೊಂದರಲ್ಲೇ ಕ್ರಿಸ್ತರು ಪೂರ್ಣವಾಗಿ ಇದ್ದಾರೆ ಎಂಬುದು ಧರ್ಮಸಭೆಯ ಬೋಧನೆ. ಆದ್ದರಿಂದ ಸಾಲಿನಲ್ಲಿ ನಿಂತವನು "ಅದ್ದಬೇಡಿ ಫಾದರ್" ಎಂದರೆ ಸಾಕು. ಅದ್ದದ ರೊಟ್ಟಿಗಳಿರುವ ಪಾತ್ರೆಯೊಂದು ಬಲಿಪೀಠದ ಮೇಲಿರುವಂತೆ ಪೂಜೆಗೆ ಮೊದಲೇ ಉಪದೇಶಿಗೆ ತಿಳಿಸಿಟ್ಟರೆ ಅಷ್ಟು ಮಾತೂ ಬೇಕಾಗುವುದಿಲ್ಲ.